ಲೇಬಲ್ ಮಾಡಿಸಿದ ಮೊದಲ ಬಿಲ್ ಎಸೆಯಬೇಡಿ

ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಸ್ವಂತ ಹೆಸರಲ್ಲಿ ಮಾರುವವರು ಲೇಬಲ್ ಪ್ರಿಂಟ್ ಮಾಡಿಸಿದ ಬಿಲ್, ಹೆಸರೂ ತಾರೀಕೂ ಇರುವ ಮೊದಲ ಮಾರಾಟದ ಬಿಲ್‌ಗಳನ್ನು ಒಂದು ಫೈಲಲ್ಲಿ ಇಡಿ. ಯಾರೋ ಅದೇ ಹೆಸರು ನೋಂದಾಯಿಸಿ ನೋಟಿಸ್ ಕಳಿಸಿದರೆ ವಕೀಲರಿಗೆ ಬೇಕಾಗುವುದು ಇದೇ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 34ನೇ ಕಲಂ ಪ್ರಕಾರ, ನೋಂದಾಯಿಸಿದವರ ಬಳಕೆಗೂ ನೋಂದಣಿಗೂ ಮುಂಚಿನಿಂದ ಬಿಡದೆ ಆ ಹೆಸರು ಬಳಸುತ್ತಿರುವವರನ್ನು ಅವರು ತಡೆಯುವಂತಿಲ್ಲ. ಬರೀ ಬಾಯಿಮಾತು ಸಾಲದು, ಕಾಗದ ಬೇಕು. ಮಷಿನ್ ಬಿಲ್ ಆದರೆ ಕೂಡಲೇ ಜೆರಾಕ್ಸ್ ಮಾಡಿಸಿ, ಅಕ್ಷರ ಮಾಸಿಹೋಗುತ್ತದೆ (ನಮ್ಮ ಮಳೆಗಾಲದಲ್ಲಿ ಕಾಗದದ ಪಾಡು ಗೊತ್ತಲ್ವಾ). ನಡುವೆ ವರ್ಷಗಟ್ಟಲೆ ಮಾರಾಟ ನಿಂತಿದ್ದರೆ ಈ ಕಲಮಿನ ರಕ್ಷಣೆ ಕೈಕೊಡಬಹುದು. ಸುಮ್ನೆ ‘ಅಪ್ಪೆಮಿಡಿ ಉಪ್ಪಿನಕಾಯಿ’ ಅಂತಷ್ಟೇ ಬರೆದಿದ್ದರೂ ಕಷ್ಟ, ಅದು ಎಲ್ಲರ ಮಾತು.