ಗುಳಿಗೆ ಶುರುವಾದ ಮೇಲೆ ಬರುವ ಜ್ವರ

ನಾನು ಸೊಲ್ಲಾಪುರ ಜಿಲ್ಲೆಯ ಒಂದು ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿಗೆ ಗುಳಿಗೆ ಕೊಡುವ ಕೇಂದ್ರದಲ್ಲಿ, ಕೌನ್ಸೆಲರ್. ಅಕ್ಕಲಕೋಟೆ ಕಡೆಯ ಕನ್ನಡದವರು ಬಂದರೆ ನನ್ನ ಹತ್ತಿರವೇ ಕಳಿಸುತ್ತಾರೆ. ಎಚ್‌ಐವಿ ಗುಳಿಗೆ ಹೊಸದಾಗಿ ಶುರು ಮಾಡುವವರ ಜೊತೆ ನಾನು ಜಾಸ್ತಿ ಹೊತ್ತು ಮಾತಾಡುವುದು ಒಂದೇ ವಿಷಯ. ಮೊದಲ ಮೂರು ತಿಂಗಳಲ್ಲಿ ಕೆಲವರಿಗೆ ಆರಾಮ ಆಗುವ ಬದಲು ಮೈ ಕೆಡುತ್ತದೆ.

"ಗುಳಿಗಿ ತಗೊಂಡ ಮ್ಯಾಲೇ ಗಂಟು ಬಂತ್ರೀ ಅಕ್ಕಾರ, ಬಿಟ್ಟಬಿಡ್ತೀನಿ" ಅನ್ನುವವರನ್ನು ನಾನು ಕಂಡಿದ್ದೇನೆ. ಅವರ ಕಣ್ಣಿಗೆ ಕಾಣುವುದು ಅಷ್ಟೇ, ಅಲ್ವಾ? ನಿನ್ನೆವರೆಗೆ ಇಲ್ಲದ ಗಂಟು ಇವತ್ತು ಕುತ್ತಿಗೆಯಲ್ಲಿದೆ.

ಒಳಗೆ ನಡೆಯುವುದು ಬೇರೆ. ರೋಗದ ಜೊತೆ ಹೋರಾಡುವ ರಕ್ತದ ಸಿಡಿ4 ಕಣಗಳು (ಒಂದು ಘನ ಮಿಲಿಮೀಟರ್ ರಕ್ತದಲ್ಲಿ) 100ಕ್ಕಿಂತ ಕೆಳಗೆ ಬಿದ್ದವರಲ್ಲಿ ಟಿಬಿ ಇದ್ದರೂ ಅದರ ಜೊತೆ ಕಾದಾಡುವ ಶಕ್ತಿ ಮೈಗೆ ಇರುವುದಿಲ್ಲ. ಹಾಗಾಗಿ ಊತವೂ ಅಷ್ಟಾಗಿ ಕಾಣುವುದಿಲ್ಲ. ಗುಳಿಗೆಯಿಂದ ವೈರಸ್ ಇಳಿದು ಆ ಶಕ್ತಿ ಮರಳಿತೆಂದರೆ, ಸುಮ್ನೆ ಅಡಗಿದ್ದ ಟಿಬಿ ಮೇಲೆ ಒಮ್ಮೆಲೇ ಏರಿಹೋಗುತ್ತದೆ. ಜ್ವರ, ಗಂಟು, ಎದೆಯಲ್ಲಿ ನೀರು, ಎಲ್ಲ ಬರಬಹುದು. ಡಾಕ್ಟರುಗಳು ಇದನ್ನು ಐರಿಸ್ ಅನ್ನುತ್ತಾರೆ.

ಅದಕ್ಕೇ ಮೊದಲ ದಿನವೇ ನಾಲ್ಕು ಪ್ರಶ್ನೆ ಕೇಳುತ್ತೇನೆ. ಕೆಮ್ಮು ಇದೆಯಾ, ಜ್ವರ ಬರುತ್ತದಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀರಾ? ಒಂದಕ್ಕೆ ಹೌದು ಅಂದರೂ ಟಿಬಿ ಪರೀಕ್ಷೆ ಆಗಲೇಬೇಕು. ಟಿಬಿ ಸಿಕ್ಕರೆ ಮೊದಲು ಅದರ ಔಷಧ, ಆಮೇಲೆ ಎಚ್‌ಐವಿ ಗುಳಿಗೆ. ಸಾಮಾನ್ಯವಾಗಿ ಎರಡು ವಾರದೊಳಗೆ. ಮಿದುಳಿನ ಪೊರೆಗೆ ಟಿಬಿ ತಗುಲಿದ್ದರೆ ಇನ್ನೂ ತಡ, ಯಾಕಂದರೆ ತಲೆಯೊಳಗೆ ಊತ ಬಂದರೆ ಜೀವಕ್ಕೇ ಕುತ್ತು. ಟಿಬಿಯ ರಿಫಾಂಪಿಸಿನ್ ಔಷಧ ನಡೆದಿರುವಾಗ ಎಚ್‌ಐವಿಯ ಡೊಲುಟೆಗ್ರಾವಿರ್ ಗುಳಿಗೆ ದಿನಕ್ಕೆ ಎರಡು ಸಲ ಬೇಕು. ಸಂಜೆಯ ಆ ಗುಳಿಗೆಯನ್ನು ಮನೆಯವರ ಎದುರು ತೆಗೆಯಲು ಹೆಂಗಸರು ಅಂಜುತ್ತಾರೆ. ಎಲ್ಲಿ ಇಡುವುದು, ಯಾವಾಗ ನುಂಗುವುದು ಅಂತ ಕೂತು ಗೊತ್ತುಮಾಡುತ್ತೇವೆ.

ಗಂಟು ಬಂತೆಂದು ಮೆಡಿಕಲ್ ಅಂಗಡಿಯಲ್ಲಿ ಊತ ಇಳಿಸುವ ಸ್ಟೀರಾಯ್ಡ್ ಕೇಳಿ ತಗೋಬೇಡಿ ಅಂತ ಒತ್ತಿ ಹೇಳುತ್ತೇನೆ. ಅದು ಕೆಟ್ಟ ಔಷಧ ಅಂತಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಟಿಬಿ ಮತ್ತು ಎಚ್‌ಐವಿ ಎರಡೂ ಇದ್ದ, ಸಿಡಿ4 ತೀರ ಕಡಿಮೆಯಿದ್ದ 240 ಜನರ ಮೇಲೆ ಅಧ್ಯಯನ ನಡೆದು, 2018ರಲ್ಲಿ ಫಲಿತಾಂಶ ಬಂತು. ನಾಲ್ಕು ವಾರ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟವರಲ್ಲಿ ನೂರಕ್ಕೆ ಸುಮಾರು 33 ಜನರಿಗೆ ಐರಿಸ್ ಬಂದರೆ, ಕೊಡದವರಲ್ಲಿ 47 ಜನರಿಗೆ ಬಂತು. ಒಳ್ಳೆಯ ಸುದ್ದಿಯೇ. ಆದರೆ ಅಲ್ಲಿ ಡಾಕ್ಟರು ಆರಿಸಿ, ಅಳೆದು ಕೊಟ್ಟಿದ್ದರು. ಗಂಟು ಐರಿಸ್‌ನದೋ, ಔಷಧಕ್ಕೆ ಬಗ್ಗದ ಟಿಬಿಯೋ ಅಂತ ಮೊದಲು ತಿಳಿಯಬೇಕು.

ನನಗೆ ಜಾಸ್ತಿ ಚಿಂತೆ ಕಬ್ಬು ಕಡಿಯಲು ಹೋಗುವವರದು. ದೀಪಾವಳಿ ಹೊತ್ತಿಗೆ ಗುಳಿಗೆ ಶುರುವಾದರೆ, ಮೈ ಕೆಡಬಹುದಾದ ವಾರಗಳಲ್ಲಿ ಅವರು ಯಾವುದೋ ಕಾರ್ಖಾನೆಯ ಬಯಲಲ್ಲಿ ಇರುತ್ತಾರೆ. ಹೊರಡುವ ಮೊದಲೇ ಊರಿನ ಹೆಸರು ಕೇಳಿ, ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ಚೀಟಿ ಬರೆಸಿ ಕೊಡುತ್ತೇನೆ. ಎರಡನೇ ವಾರ ನಾನೇ ಫೋನ್ ಮಾಡುತ್ತೇನೆ. ಜ್ವರ, ತಲೆನೋವು, ವಾಂತಿ ಇದ್ದರೆ ಅವತ್ತೇ ಆ ಕೇಂದ್ರಕ್ಕೆ ಹೋಗಿ, ಗುಳಿಗೆ ಮಾತ್ರ ನೀವಾಗಿ ನಿಲ್ಲಿಸಬೇಡಿ ಅನ್ನುತ್ತೇನೆ.