ಅಕ್ಕಿ ಐತೆ ಸಾ, ಸಾರಿಗೇನಾಕ್ಲಿ?

ಬಸ್ ಡಿಪೋದ ಸ್ಟೋರ್ಸ್‌ನಲ್ಲಿ ಮೂವತ್ತೊಂದು ವರ್ಷ ಬೇರಿಂಗು, ಬ್ರೇಕ್ ಲೈನರು ಎಣಿಸಿ 2014ರಲ್ಲಿ ನಿವೃತ್ತನಾದೆ. ಮೂರು ತಿಂಗಳು ಮನೆಯಲ್ಲಿ ಕೂತೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸತೊಡಗಿದಾಗ ನಮ್ಮ ಮನೆಯವರು, "ಬೆಳಗ್ಗೆ ಹೊತ್ತು ಎಲ್ಲಾದರೂ ಹೋಗಿ ಬನ್ರೀ" ಅಂದರು. ತುಮಕೂರಿನ ಮಂಡಿಪೇಟೆ ಹತ್ತಿರ ಕೆಲವು ಗೆಳೆಯರು ಒಂದು ಕೋಣೆ ಹಿಡಿದು, ದಾನಿಗಳಿಂದ ದವಸ ಕೂಡಿಹಾಕಿ, ತಿಂಗಳಿಗೊಮ್ಮೆ ಕಷ್ಟದ ಮನೆಗಳಿಗೆ ಹಂಚುತ್ತಿದ್ದರು. ಅಲ್ಲಿ ಸೇರಿಕೊಂಡೆ. ಬೋರ್ಡಿನಲ್ಲಿ ಉದ್ದನೆಯ ಹೆಸರಿದೆ. ಬರುವವರ ಬಾಯಲ್ಲಿ ಮಾತ್ರ ಅದು "ಅಕ್ಕಿ ರೂಮು".

ಹೆಸರು ಸರಿಯಾಗೇ ಇತ್ತು. ಎಲ್ಲಿ ನೋಡಿದರೂ ಅಕ್ಕಿ. ದಾನ ಅಂದರೆ ಅಕ್ಕಿ ಮೂಟೆ ಅಂತ ನಮ್ಮ ಜನರ ಲೆಕ್ಕ. ನಾನೂ ಮೊದಲ ವರ್ಷವೆಲ್ಲ ಅದನ್ನೇ ತೂಗಿ ತೂಗಿ ಕೊಟ್ಟೆ. ಒಂದು ದಿನ ಬೀಡಿ ಕಟ್ಟುವ ಒಬ್ಬ ಹೆಂಗಸು ಚೀಲ ಮುಂದೆ ಚಾಚಲೇ ಇಲ್ಲ. "ಅಕ್ಕಿ ಐತೆ ಸಾ, ಸೊಸೈಟಿಲಿ ಕೊಡ್ತಾರೆ. ಸಾರಿಗೇನಾಕ್ಲಿ?" ಅಂದಳು. ಮೂವತ್ತೊಂದು ವರ್ಷ ಸಾರಿಗೆ ಸಂಸ್ಥೆಯಲ್ಲೇ ಇದ್ದರೂ ಈ "ಸಾರಿಗೆ" ನನ್ನ ತಲೆಗೆ ಹೊಳೆದಿರಲಿಲ್ಲ.

2013ರ ಜುಲೈನಿಂದ ಅನ್ನಭಾಗ್ಯ ಬಂದಿತ್ತು. ಕಾರ್ಡ್ ಇದ್ದವರ ಮನೆಗೆ ಅಕ್ಕಿ ಬರುತ್ತಿತ್ತು. ಬಾರದಿದ್ದದ್ದು ಬೇಳೆ, ಹುಣಸೆಹಣ್ಣು, ಖಾರದಪುಡಿ, ಬಟ್ಟೆ ಸೋಪು. ಡಿಪೋದಲ್ಲಿ ಯಾವ ಸಾಮಾನು ಎಷ್ಟು ಖರ್ಚಾಯಿತು ಅಂತ ಬರೆಯುತ್ತಿದ್ದೆವಲ್ಲ, ಅದೇ ಥರ ಒಂದು ಪುಸ್ತಕ ತೆರೆದೆ. ಕೊಟ್ಟದ್ದರ ಜತೆಗೆ, ಕೇಳಿ ಇಲ್ಲ ಅನ್ನಿಸಿಕೊಂಡದ್ದಕ್ಕೂ ಒಂದು ಕಾಲಂ ಹಾಕಿದೆ. ಈ ಎರಡನೇ ಕಾಲಮ್ಮೇ ಆಮೇಲೆ ನಮಗೆ ದಾರಿ ತೋರಿಸಿದ್ದು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಪದ ರಾಗಿ.

ರಾಗಿ ಇಡುವುದು ಸುಲಭ. ಸಣ್ಣ ಕಾಳು, ಗಟ್ಟಿ ಸಿಪ್ಪೆ, ಹುಳು ಅಷ್ಟು ಬೇಗ ಹತ್ತೋದಿಲ್ಲ. ನಮ್ಮ ತಾತನ ಕಾಲದಲ್ಲಿ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ತೊಂದರೆ ಇರುವುದು ಹಿಟ್ಟಿನಲ್ಲಿ. ಹಿಟ್ಟು ಮಾಡಿಸಿ ಕೊಟ್ಟರೆ ಮಳೆಗಾಲದಲ್ಲಿ ಮುಗ್ಗಲು. ಕಾಳೇ ಕೊಟ್ಟರೆ ಮಿಲ್ಲಿಗೆ ಹಾಕಿಸುವ ದುಡ್ಡು ಅವರ ಕೈಯಿಂದ ಹೋಗಬೇಕು. ಕೊನೆಗೆ ಪಕ್ಕದ ಬೀದಿಯ ಮಿಲ್ಲಿನವರ ಹತ್ತಿರ ಮಾತಾಡಿ ಚೀಟಿ ಮಾಡಿಸಿದೆವು. ಕಾಳು ನಮ್ಮಲ್ಲಿ, ಬೀಸುವುದು ಅಲ್ಲಿ. ಚೀಟಿ ತೋರಿಸಿದರೆ ಸಾಕು, ತಿಂಗಳ ಕೊನೆಗೆ ನಾವು ಲೆಕ್ಕ ತೀರಿಸುತ್ತೇವೆ.

ಇನ್ನು ನನ್ನ ಮರ್ಯಾದೆ ಹೋದ ಕತೆ. 2016ರ ಮಳೆಗಾಲ. ಹೊಸ ತೊಗರಿಬೇಳೆ ಬಂದಹಾಗೆಲ್ಲ ಹಳೆಯದರ ಮುಂದೆ ಪೇರಿಸಿದ್ದೆವು, ಕೈಗೆ ಸಿಕ್ಕಿದ್ದನ್ನು ಕೊಡುತ್ತಾ ಹೋದೆವು. ಹಿಂದೆ ಸಿಕ್ಕಿಕೊಂಡಿದ್ದ ಎರಡು ಮೂಟೆಯ ಹೊಲಿಗೆ ಬಿಚ್ಚಿದರೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಬೊಗಸೆಯಲ್ಲಿ ಎತ್ತಿದರೆ ಬೇಳೆಯ ಮಧ್ಯೆ ಕಪ್ಪು ಹುಳು, ಬೆರಳಿಗೆಲ್ಲ ಬೂದಿಯಂಥ ಹಿಟ್ಟು. ಹಳೆಯದು ಮೊದಲು ಹೋಗಬೇಕು ಅಂತ ಡಿಪೋದಲ್ಲಿ ಎಷ್ಟು ಹುಡುಗರಿಗೆ ಪಾಠ ಹೇಳಿದ್ದೆನೋ! ಬೀಡಿ ಕಟ್ಟುವ ಆ ಹೆಂಗಸೇ ಮೊರ ತಂದು ಒಂದಿಷ್ಟು ಕೇರಿ ನೋಡಿ, "ಇದು ದನಕ್ಕಷ್ಟೆ ಸಾ" ಅಂದಳು. ಎರಡೂ ಮೂಟೆ ದನಗಳಿಗೇ ಹೋಯಿತು.

ಅವತ್ತಿನಿಂದ ಮೂಟೆಗಳು ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಪ್ರತಿ ಮೂಟೆಗೂ ಬಂದ ತಾರೀಖಿನ ಚೀಟಿ. ಬೇಳೆಯನ್ನು ಬಿಸಿಲಿಗೆ ಹಾಕಿ, ಹರಳೆಣ್ಣೆ ಸವರಿ ತುಂಬಿಡುತ್ತೇವೆ. ಹರಳೆಣ್ಣೆ ಹೇಳಿಕೊಟ್ಟವಳೂ ಅವಳೇ. ಈಗ ಶನಿವಾರ ಶನಿವಾರ ಬಂದು ಕೇರುತ್ತಾಳೆ, ನನ್ನ ತೂಕದಲ್ಲಿ ತಪ್ಪು ಹುಡುಕುತ್ತಾಳೆ.

ದಾನ ಎಲ್ಲ ಕಾಲಕ್ಕೂ ಒಂದೇ ಸಮ ಬರುವುದಿಲ್ಲ. ಸಿದ್ಧಗಂಗೆಯ ನೆರಳಿನಲ್ಲಿರುವ ಊರು, ದಾಸೋಹ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಶಿವಕುಮಾರ ಸ್ವಾಮೀಜಿಯವರ ಹುಟ್ಟಿದ ದಿನ ಏಪ್ರಿಲ್ 1, ಅವರು ಲಿಂಗೈಕ್ಯರಾದ ಜನವರಿ 21, ಈ ಎರಡು ದಿನ ಕೋಣೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜೂನ್ ಬಂತೆಂದರೆ ಖಾಲಿ. ಶಾಲೆ ಶುರುವಾಗಿ, ಪುಸ್ತಕ ಬಟ್ಟೆ ಅಂತ ಇದ್ದಬದ್ದ ದುಡ್ಡೆಲ್ಲ ಕರಗಿ, ಜನರಿಗೆ ಹೆಚ್ಚು ಬೇಕಾಗುವುದೇ ಆಗ. ಅದಕ್ಕೇ ಏಪ್ರಿಲ್‌ನಲ್ಲಿ ಬಂದವರಿಗೆ, "ಸ್ವಾಮೀ, ನಿಮ್ಮದು ಜೂನ್‌ಗೆ ಇರಲಿ" ಅಂತ ಕೈ ಮುಗಿದು ಹೇಳುತ್ತೇನೆ. ಕೆಲವರಿಗೆ ಕೋಪ ಬರುತ್ತದೆ. ಫೋಟೋ ಅವತ್ತೇ ಆಗಬೇಕಲ್ಲ.

2020ರ ಲಾಕ್‌ಡೌನ್‌ನಲ್ಲಿ ಅರವತ್ತು ದಾಟಿದವರು ಬರಕೂಡದು ಅಂತ ಹುಡುಗರು ನನ್ನನ್ನು ಮನೆಯಲ್ಲೇ ಕೂರಿಸಿದರು. ಫೋನಿನಲ್ಲೇ ಕೇಳಿ ಲೆಕ್ಕದ ಪುಸ್ತಕ ಬರೆದೆ. ಈಗ ಮಂಡಿ ನೋವು, ಮೂಟೆ ಎತ್ತುವ ಕೆಲಸ ಬಿಟ್ಟಿದ್ದೇನೆ. ಖರೀದಿ ಮಾತ್ರ ಬಿಟ್ಟುಕೊಟ್ಟಿಲ್ಲ. ಹೊಸ ಹುಣಸೆಹಣ್ಣು ಮಾರ್ಚ್ ಹೊತ್ತಿಗೆ ಮಾರುಕಟ್ಟೆ ತುಂಬುತ್ತದೆ. ವರ್ಷಕ್ಕಾಗುವಷ್ಟನ್ನು ಆಗಲೇ ತಂದು, ಬೀಜ ನಾರು ಬಿಡಿಸಿ, ಉಪ್ಪು ಬೆರೆಸಿ ಡ್ರಮ್ಮಿಗೆ ತುಂಬಬೇಕು. ಹೋದ ವರ್ಷದ್ದು ತಳದಲ್ಲಿ ನಾಲ್ಕೈದು ಕೆಜಿ ಉಳಿದಿದೆ, ಕಪ್ಪಗಾಗಿದೆ. ಅದನ್ನೇ ಮೊದಲು ಕೊಟ್ಟು ಮುಗಿಸಿ ಅಂತ ಹುಡುಗರಿಗೆ ಹೇಳಿ ಬಂದಿದ್ದೇನೆ.