ಅಮ್ಮನ ಕತ್ತರಿ, ನನ್ನ ಗ್ರೀನ್ ಕಾರ್ಡ್

ಬ್ಯಾಡ್ಮಿಂಟನ್ ಮೆಡಲ್‌ಗಳ ಫೋಟೊ ಇಟ್ಟರೆ ಇಬಿ-1ಎ, ಅಂದರೆ ಅಸಾಧಾರಣ ಸಾಧಕರಿಗೆ ಅಮೆರಿಕ ಕೊಡುವ ಗ್ರೀನ್ ಕಾರ್ಡ್, ಸಿಕ್ಕೇ ಸಿಗುತ್ತದೆ ಅಂದುಕೊಂಡಿದ್ದೆ. ಅದರ ಅರ್ಜಿ ಐ-140 ಹಾಕಿದೆ. ಬಂದದ್ದು ಆರ್‌ಎಫ್‌ಇ, ಅಂದರೆ ಇನ್ನಷ್ಟು ಪುರಾವೆ ಕೊಡಿ ಅಂತ. ಉತ್ತರಕ್ಕೆ 84 ದಿನ.

10 ಮಾನದಂಡಗಳಲ್ಲಿ 3 ಆದರೂ ದಾಟಬೇಕು. (ಒಲಿಂಪಿಕ್ ಪದಕದಂಥದ್ದು ಇದ್ದರೆ ಅದೊಂದೇ ಸಾಕು. ನಮಗೆಲ್ಲಿ ಆ ಭಾಗ್ಯ!) ನಾನು ಎಡವಿದ್ದು ಪತ್ರಿಕಾ ವರದಿಯಲ್ಲಿ. ಅಮ್ಮ ಟ್ರಂಕಿನಲ್ಲಿ ಜೋಪಾನ ಮಾಡಿದ್ದ ಕನ್ನಡ ಪೇಪರ್ ಕಟಿಂಗ್ ಅದು. ನನ್ನ ಬ್ಯಾಡ್ಮಿಂಟನ್ ಸುದ್ದಿಯನ್ನು ಎಷ್ಟು ನೀಟಾಗಿ ಕತ್ತರಿಸಿದ್ದಳೆಂದರೆ, ತಾರೀಖೂ ವರದಿಗಾರರ ಹೆಸರೂ ಕತ್ತರಿಗೇ ಹೋಗಿದ್ದವು. ನಿಯಮದ ಪ್ರಕಾರ ತಲೆಬರಹ, ತಾರೀಖು, ಬರೆದವರ ಹೆಸರು ಮೂರೂ ಬೇಕು. ನನ್ನ ತಮ್ಮ, ಲೈಬ್ರರಿಯಲ್ಲಿ ಹಳೇ ಪೇಪರ್ ಕಟ್ಟು ತಿರುವಿ ಇಡೀ ಪುಟ ಸ್ಕ್ಯಾನ್ ಮಾಡಿ ಕಳಿಸಿದ. ಜೊತೆಗೆ ಅನುವಾದಕರು ಸಹಿ ಹಾಕಿದ ಪೂರ್ತಿ ಇಂಗ್ಲಿಷ್ ಅನುವಾದ ಇಟ್ಟೆ.

ಮೆಡಲ್‌ಗೂ ಸುಮ್ನೆ ಫೋಟೊ ಸಾಲದು. ಎಷ್ಟು ಜನ ಆಡಿದ್ದರು, ಆಯ್ಕೆ ಹೇಗಿತ್ತು ಅಂತ ಸಂಘದಿಂದ ಪತ್ರ ತರಿಸಿದೆ.

ಅಮೆರಿಕದಲ್ಲಿ ನಾನು ಮುಂದೆ ಮಾಡುವ ಕೆಲಸ ಅಂತ ವಕೀಲರು ಅರ್ಜಿಯಲ್ಲಿ ಕೋಚಿಂಗ್ ಬಗ್ಗೆಯೇ ಜಾಸ್ತಿ ಬರೆದಿದ್ದರು. ಆಡಿದ ಸಾಧನೆ ಕೋಚಿಂಗ್‌ಗೆ ತಾನಾಗಿ ಲೆಕ್ಕಕ್ಕೆ ಬರುವುದಿಲ್ಲ. ನಾನಿನ್ನೂ ಆಡುತ್ತಿದ್ದೇನೆ ಅಲ್ವಾ? ಆಟವನ್ನೇ ಮುಂದುವರಿಸುತ್ತೇನೆ ಅಂತ ತೋರಿಸಲು ಮುಂದಿನ ಟೂರ್ನಿಗಳ ಎಂಟ್ರಿ ರಸೀದಿ ಲಗತ್ತಿಸಿದೆ. ಈ ಸಲ ಒಪ್ಪಿಗೆ ಬಂತು. ಅಮ್ಮ ಈಗ ಕತ್ತರಿಸುವುದಿಲ್ಲ, ಇಡೀ ಪೇಪರನ್ನೇ ಮಡಚಿಡುತ್ತಾಳೆ.